ಕೊಟ್ಟ ದುಡ್ಡಿಗೆ ತಕ್ಕ ಆಟ ಇದೆಯಾ? ಆನ್‌ಲೈನ್ ಗೇಮ್ ಕೊಳ್ಳುವ ಮೊದಲು ಹೀಗೆ ನೋಡಿ

‘ನೂರಾರು ಗಂಟೆಗಳ ಆಟ’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದನ್ನು ನಂಬಿ ಒಮ್ಮೆ ಒಂದು ಶೂಟಿಂಗ್ ಗೇಮ್ ಕೊಂಡಿದ್ದೆ. ಇದ್ದಿದ್ದು ಮೂರೇ ಮ್ಯಾಪ್, ಅಂದರೆ ಆಟ ನಡೆಯುವ ಜಾಗ. ನಾಲ್ಕನೇ ದಿನಕ್ಕೆ ಯಾವ ಗೋಡೆ ಹಿಂದೆ ಯಾರು ಕೂತಿರುತ್ತಾರೆ ಅನ್ನೋದು ಬಾಯಿಪಾಠವಾಗಿತ್ತು. ನೂರು ಗಂಟೆ ಆಡಬಹುದಿತ್ತು, ಸುಳ್ಳಲ್ಲ. ಆದರೆ ಅದೇ ಹತ್ತು ನಿಮಿಷವನ್ನು ಆರುನೂರು ಸಲ ಆಡಬೇಕಿತ್ತು, ಅಷ್ಟೇ.

ಆಮೇಲಿಂದ ದುಡ್ಡು ಕೊಡುವ ಮೊದಲು ಅರ್ಧ ಗಂಟೆ ಕೂತು ಲೆಕ್ಕ ಹಾಕುತ್ತೇನೆ.

ಮೊದಲು ಪೂರ್ತಿ ಖರ್ಚು ಬರೆದುಕೊಳ್ಳಿ. ಗೇಮಿನ ಬೆಲೆ ಅದರಲ್ಲಿ ಒಂದು ಸಾಲು ಮಾತ್ರ. ತಿಂಗಳ ಚಂದಾ ಇದೆಯಾ? 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಇವತ್ತಿಗೂ ಚಂದಾ ಮೇಲೆ ನಡೆಯುತ್ತಿದೆ. ಕನ್ಸೋಲ್‌ನಲ್ಲಿ ಆಡುವವರಾದರೆ, ಕೊಂಡ ಗೇಮನ್ನೇ ಆನ್‌ಲೈನ್ ಆಡೋದಕ್ಕೆ ಪ್ಲೇಸ್ಟೇಷನ್ ಪ್ಲಸ್‌ನಂಥ ಇನ್ನೊಂದು ಚಂದಾ ಸಾಮಾನ್ಯವಾಗಿ ಬೇಕಾಗುತ್ತದೆ. ಬ್ಯಾಟಲ್ ಪಾಸ್ (ಆಡುತ್ತಾ ಹೋದಂತೆ ಬಹುಮಾನ ಕೊಡುವ ಟಿಕೆಟ್), ಎಕ್ಸ್‌ಪ್ಯಾನ್ಷನ್ (ಆಮೇಲೆ ಮಾರುವ ಹೆಚ್ಚುವರಿ ಭಾಗ) ಎಲ್ಲ ಸೇರಿಸಿ ಒಂದು ವರ್ಷಕ್ಕೆ ಎಷ್ಟಾಯಿತು ನೋಡಿ. ನೋಟ ಮಾತ್ರ ಬದಲಿಸುವ ಸ್ಕಿನ್‌ಗಳನ್ನು ಆಟದ ಲೆಕ್ಕಕ್ಕೆ ಹಿಡಿಯಬೇಡಿ. ಅಂಗಿ ಬದಲಾಯಿಸಿದರೆ ಆಟ ಬದಲಾಗುವುದಿಲ್ಲ, ಅಲ್ವಾ?

ಎರಡನೆಯದು ಸ್ವಲ್ಪ ಕಷ್ಟದ ಕೆಲಸ. ಗಂಟೆ ಎಣಿಸಬೇಡಿ, ಹೊಸದು ಎಷ್ಟಿದೆ ಅಂತ ಎಣಿಸಿ. ಟ್ರೇಲರ್ ಪಕ್ಕಕ್ಕಿಡಿ. ನಲವತ್ತು ಗಂಟೆಯಾದರೂ ಆಡಿದವರು ಹಾಕಿದ, ಕತ್ತರಿ ಹಾಕದ ವಿಡಿಯೊ ಹುಡುಕಿ. ಎರಡನೇ ಗಂಟೆಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇನ್ನೂ ಮಾಡುತ್ತಿದ್ದಾರಾ? ‘ಹತ್ತು ತೋಳ ಕೊಂದು ಬಾ’ ಅನ್ನೋದು ‘ಐವತ್ತು ಕೆಂಪು ತೋಳ ಕೊಂದು ಬಾ’ ಅಂತಾಗಿದ್ದರೆ ಅದು ಹೊಸದಲ್ಲ.

ಹಾಗಂತ ಮ್ಯಾಪ್ ಎಣಿಸಿದರೂ ಮೋಸ ಹೋಗುತ್ತೀರಿ. ಕೌಂಟರ್-ಸ್ಟ್ರೈಕ್ ಅನ್ನೋ ಶೂಟಿಂಗ್ ಗೇಮ್‌ನ ಡಸ್ಟ್ 2 ಮ್ಯಾಪ್ ಬಂದಿದ್ದು 2001ರಲ್ಲಿ. ಜನ ಇನ್ನೂ ಅದರಲ್ಲೇ ಓಡಾಡುತ್ತಿದ್ದಾರೆ. 2015ರ ರಾಕೆಟ್ ಲೀಗ್‌ನಲ್ಲಿ ಇರುವುದು ಕಾರು, ಚೆಂಡು, ಎರಡು ಗೋಲು. ಅಷ್ಟರಲ್ಲೇ ಸಾವಿರಾರು ಗಂಟೆ ಕಳೆದವರಿದ್ದಾರೆ. ಇಂಥ ಕಡೆ ಎದುರಾಳಿಯೇ ಸರಕು. ಸೋತಾಗ ‘ಓ, ಇಲ್ಲಿ ತಪ್ಪಿದೆ’ ಅಂತ ತಿಳಿಯುತ್ತದಾ, ಮುಂದಿನ ಸಲ ಬೇರೆ ಥರ ಆಡಬೇಕು ಅನ್ನಿಸುತ್ತದಾ? ಹಾಗಿದ್ದರೆ ಒಂದೇ ಮ್ಯಾಪ್ ಸಾಕು. ನನ್ನ ಶೂಟಿಂಗ್ ಗೇಮ್‌ನಲ್ಲಿ ಸೋತರೆ ತಿಳಿಯುತ್ತಿದ್ದುದು ಒಂದೇ: ಎದುರಿನವನ ಬಂದೂಕು ನನ್ನದಕ್ಕಿಂತ ದುಬಾರಿ.

ಇದನ್ನು ಕೈಯಾರೆ ಪರೀಕ್ಷೆ ಮಾಡಲು, ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ದಾರಿ ಇದೆ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಹೊಸದೇನಾದರೂ ಕಂಡಾಗ, ಕಲಿತಾಗ ಒಂದು ಗೀಟು ಎಳೆಯಿರಿ. ಮೊದಲ ಗಂಟೆಯಲ್ಲಿ ಗೀಟು ಜಾಸ್ತಿ ಇರುವುದು ಸಹಜ, ಎರಡನೇ ಗಂಟೆಯ ಗೀಟುಗಳೇ ಮುಖ್ಯ. ಅಲಾರಂ ಇಡೋದು ಮರೆಯಬೇಡಿ. ಗೇಮ್ ತೆರೆದಿಟ್ಟು ಸುಮ್ನೆ ಎದ್ದುಹೋದರೂ ಗಡಿಯಾರ ಓಡುತ್ತಿರುತ್ತದೆ. ಪಾತ್ರದ ಮೂಗು ತಿದ್ದುವುದರಲ್ಲೇ ನಲವತ್ತು ನಿಮಿಷ ಕಳೆದವನು ನಾನು.

ಮೂರನೆಯದು ಜನ. ಸ್ಟೀಮ್‌ಡಿಬಿಯಂಥ ತಾಣದಲ್ಲಿ ಈಗ ಎಷ್ಟು ಮಂದಿ ಆಡುತ್ತಿದ್ದಾರೆ ಅನ್ನೋ ಗೆರೆಚಿತ್ರ ಇರುತ್ತದೆ. ಬಿಡುಗಡೆಯ ದಿನದ ಶಿಖರ ಬಿಡಿ, ಕಳೆದ ಮೂರು ತಿಂಗಳ ಇಳಿಜಾರು ನೋಡಿ. ನೀವು ಆಡುವ ಹೊತ್ತಿಗೆ ಜನ ಇರಬೇಕು, ಅದು ಮುಖ್ಯ. ಇಲ್ಲದಿದ್ದರೆ ‘ಆಟಗಾರರನ್ನು ಹುಡುಕಲಾಗುತ್ತಿದೆ’ ಅನ್ನೋ ಪರದೆ ನೋಡುತ್ತಾ ಕೂರಬೇಕಾಗುತ್ತದೆ. ಕಾಯುವ ಗಡಿಯಾರ 0:40, 2:15, 6:00 ಅಂತ ಏರುತ್ತಲೇ ಇರುತ್ತದೆ. ಕೊನೆಗೆ ಹತ್ತು ಜನ ಸೇರುವ ಕೋಣೆಯಲ್ಲಿ ನಾಲ್ಕು ಮಂದಿ. ಅವರಲ್ಲೊಬ್ಬ ಕಾದು ಕಾದು ಹೊರಟೇಹೋಗುತ್ತಾನೆ.

ಕೊನೆಯದು ಆಯಸ್ಸು. ಸರ್ವರ್ ನಿಂತರೆ ಏನು ಉಳಿಯುತ್ತದೆ ಅಂತ ಕೇಳಿಕೊಳ್ಳಿ. ಕಾಂಕಾರ್ಡ್ ಅನ್ನೋ ಶೂಟಿಂಗ್ ಗೇಮ್ 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಎರಡೇ ವಾರ. ಅಲ್ಲಿ ಕೊಂಡವರಿಗೆ ದುಡ್ಡು ವಾಪಸ್ ಬಂತು. 2014ರ ದಿ ಕ್ರೂ ಕಾರ್ ರೇಸ್ ಗೇಮಿನ ಸರ್ವರ್‌ಗಳನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದಾಗ, ಒಬ್ಬರೇ ಆಡುತ್ತಿದ್ದವರಿಗೂ ಆಟ ಹೋಯಿತು. ಆಫ್‌ಲೈನ್ ಮೋಡ್, ಬಾಟ್‌ಗಳ (ಕಂಪ್ಯೂಟರೇ ಆಡಿಸುವ ಆಟಗಾರರ) ಜೊತೆ ಆಟ, ಸ್ವಂತ ಸರ್ವರ್ ನಡೆಸುವ ಅವಕಾಶ, ಇವುಗಳಲ್ಲಿ ಒಂದಾದರೂ ಇದೆಯಾ ನೋಡಿ.

‘ಮುಂದೆ ಇನ್ನೂ ಬರುತ್ತದೆ’ ಅನ್ನೋ ರೋಡ್‌ಮ್ಯಾಪ್‌ಗೆ ನಾನು ಬೆಲೆ ಕಟ್ಟುವುದಿಲ್ಲ. ಕೆಲವರು ಮಾತು ಉಳಿಸಿಕೊಂಡಿದ್ದಾರೆ, ನಿಜ. 2016ರಲ್ಲಿ ಎಲ್ಲರಿಂದ ಬೈಸಿಕೊಂಡ ನೋ ಮ್ಯಾನ್ಸ್ ಸ್ಕೈಗೆ ವರ್ಷಗಟ್ಟಲೆ ಬಿಟ್ಟಿ ಅಪ್‌ಡೇಟ್ ಬಂದವು. ಈಗ ಕೊಳ್ಳುವವರಿಗೆ ಅದು ಭರ್ಜರಿ ಗೇಮ್. ಕಾದವರೇ ಜಾಣರಾದರು.

ಆದರೆ ಕಾಯುವುದು ಎಲ್ಲ ಕಡೆ ನಡೆಯುವುದಿಲ್ಲ. ಒಬ್ಬರೇ ಸುತ್ತಾಡಬಹುದಾದ ಗೇಮ್ ಆದರೆ ಒಂದು ವರ್ಷ ಬಿಟ್ಟು, ಬೆಲೆ ಇಳಿದ ಮೇಲೆ ಕೊಳ್ಳಿ. ಪೂರ್ತಿ ಮ್ಯಾಚ್‌ಗಳ ಮೇಲೆ ನಿಂತ ಗೇಮ್ ಆದರೆ, ಬೆಲೆ ಇಳಿಯುವ ಹೊತ್ತಿಗೆ ಜನವೂ ಇಳಿದಿರಬಹುದು. ಅಂಥದ್ದನ್ನು ಜನ ಇರುವಾಗಲೇ ಕೊಳ್ಳಿ, ಇಲ್ಲಾ ಬಿಟ್ಟುಬಿಡಿ.