ಹೊಸಬರಿಗೆ ಮಾರ್ಗದರ್ಶಿ: ಹಲ್ಲಿನ ಕೆಲಸ ಮಳೆಗಾಲಕ್ಕೆ ಮುಂಚೆ

ಕೈಗಾ ಅಣುವಿದ್ಯುತ್ ಸ್ಥಾವರಕ್ಕೋ ಸೀಬರ್ಡ್ ನೌಕಾನೆಲೆಗೋ ವರ್ಗವಾಗಿ ಕಾರವಾರಕ್ಕೆ ಬಂದವರು ಸಂಘದಲ್ಲಿ ಮೊದಲು ಕೇಳುವುದು ಶಾಲೆ, ಬಾಡಿಗೆ ಮನೆ, ಗ್ಯಾಸ್. ಹಲ್ಲಿನ ಡಾಕ್ಟರನ್ನು ಕೇಳಿ ಫೋನು ಬರುವುದು ಜುಲೈ ತಿಂಗಳ ಯಾವುದೋ ರಾತ್ರಿ, ಕೆನ್ನೆ ಊದಿಕೊಂಡ ಮೇಲೆ. ಆಗ ಹೊರಗೆ ಜಡಿಮಳೆ, ಘಟ್ಟದಲ್ಲಿ ಗುಡ್ಡ ಕುಸಿದ ಸುದ್ದಿ ಬೇರೆ. ಅದಕ್ಕೇ ಹೇಳುವುದು: ಹಲ್ಲು ಜುಂ ಎಂದಾಗಲೇ ತೋರಿಸಿ, ನಾಲ್ಕಾರು ಸಲ ಓಡಾಡುವ ಕೆಲಸವಿದ್ದರೆ ಮೇ ಒಳಗೆ ಮುಗಿಸಿ.

ಹುಳುಕು ಹಲ್ಲೆಂದರೂ ಅಲ್ಲಿ ಹುಳವಿಲ್ಲ. ಹಲ್ಲಿಗಂಟಿದ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಆಮ್ಲ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗಿಸುತ್ತದೆ. ಅಷ್ಟರಲ್ಲೇ ಹೋದರೆ ಸಿಮೆಂಟ್ ತುಂಬಿ ಕಳಿಸುತ್ತಾರೆ. ಬಿಸಿ ಚಹಾಕ್ಕೆ ನೋವು ಮಿಡಿದು, ಮಲಗಿದೊಡನೆ ಹೆಚ್ಚಾದರೆ ನರಕ್ಕೆ ತಗಲಿರಬಹುದು. ಆಗ ರೂಟ್ ಕೆನಾಲ್. ಕೆಟ್ಟ ನರ ತೆಗೆದು, ಒಳಗಿನ ಕಾಲುವೆ ತೊಳೆದು, ರಬ್ಬರಿನಂಥ ಗಟಾಪರ್ಚಾ ತುಂಬಿ ಮುಚ್ಚುತ್ತಾರೆ. ದವಡೆ ಹಲ್ಲಾದರೆ ಮೇಲೆ ತೊಡಿಸುವ ಕ್ಯಾಪಿನ ದುಡ್ಡು ಉಳಿಸಲು ಹೋಗಬೇಡಿ, ಒಂದು ದಿನ ಚಕ್ಕುಲಿ ಕಡಿಯುವಾಗ ಹಲ್ಲೇ ಸೀಳೀತು.

ನನ್ನದೇ ಕತೆ ಕೇಳಿ. ಎರಡು ದಿನ ಲವಂಗದೆಣ್ಣೆ ಹಚ್ಚಿದೆ, ಮೂರನೇ ದಿನ ನೋವು ನಿಂತಿತು. ಗೆದ್ದೆ ಅಂದುಕೊಂಡೆ. ಸತ್ತಿದ್ದು ನರ. ತಿಂಗಳು ಕಳೆದು ವಸಡಿನ ಮೇಲೆ ಅಕ್ಕಿಕಾಳಿನಷ್ಟು ಗುಳ್ಳೆ, ಒತ್ತಿದರೆ ಕೀವು. ಡಾಕ್ಟರು ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲು ತಟ್ಟುತ್ತ ಬಂದು ಅದರ ಮೇಲೆ ತಟ್ಟಿದಾಗ ಕುರ್ಚಿಯಿಂದ ಅರ್ಧ ಎದ್ದಿದ್ದೆ.

ವಸಡಿನಲ್ಲಿ ರಕ್ತ ಬಂದರೆ ಕ್ಲೀನಿಂಗ್ ಮಾಡಿಸಿ. ಅದರಿಂದ ಹಲ್ಲು ಸಡಿಲವಾಗುವುದಿಲ್ಲ. ಸಂದಿನಲ್ಲಿ ಕೂತಿದ್ದ ಕಿಟ್ಟ ಹೋಗಿ ಸಂದು ಕಾಣುತ್ತದೆ, ಅಷ್ಟೇ.

ಮಕ್ಕಳಿಗೆ ಆರು ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದವಡೆ ಹಲ್ಲು ಮೂಡುತ್ತದೆ. ಹಾಲುಹಲ್ಲೆಂದು ತಿಳಿದು ಹುಳುಕು ಬಿಟ್ಟವರು ಎಷ್ಟೋ ಜನ. ಅದು ಶಾಶ್ವತ ಹಲ್ಲು.

ಪಾವಗಡ, ಕೋಲಾರ, ಮುಂಡರಗಿ ಕಡೆಯಿಂದ ಬಂದವರ ಹಲ್ಲಿನ ಕಂದು ಕಲೆ ಬಹುಮಟ್ಟಿಗೆ ಚಿಕ್ಕಂದಿನಲ್ಲಿ ಕುಡಿದ ಬೋರ್‌ವೆಲ್ ನೀರಿನ ಫ್ಲೋರೈಡ್‌ನದು. ಎಷ್ಟು ತಿಕ್ಕಿದರೂ ಹೋಗದು. ಬೇಕೆಂದರೆ ಬ್ಲೀಚಿಂಗ್, ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ ವೆನೀರ್ ಇವೆ.

ಶಿರಸಿ ಕಡೆ ಊಟಕ್ಕೆ ಹೋದರೆ ಕವಳದ, ಅಂದರೆ ಎಲೆಅಡಿಕೆಯ, ತಟ್ಟೆ ಮುಂದೆ ಬರುತ್ತದೆ. ಅಡಿಕೆ ನಮ್ಮ ಜಿಲ್ಲೆಯ ಅನ್ನ, ಆದರೂ ಇದ್ದದ್ದು ಹೇಳಬೇಕಲ್ಲ: ತಂಬಾಕಿಲ್ಲದ ಅಡಿಕೆಯೂ ದಿನಾ ಅಗಿದರೆ ಕೆನ್ನೆಯ ಒಳಮೈ ಬಿಗಿಯುತ್ತದೆ. ನಿಮ್ಮ ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯೊಳಗೆ ಹೋಗದಿದ್ದರೆ, ಸಾರಿನ ಖಾರಕ್ಕೇ ಬಾಯಿ ಉರಿದರೆ, ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ ತಡಮಾಡಬೇಡಿ.

ಮೊದಲು ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. ದೊಡ್ಡ ಕೆಲಸಕ್ಕೆ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜು, ಗೋವಾದ ಬಾಂಬೋಳಿಯ ದಂತ ಕಾಲೇಜು ಇವೆ. ಎಕ್ಸ್‌ರೇ, ಚೀಟಿ ಜೋಪಾನವಾಗಿಡಿ, ಮುಂದಿನ ವರ್ಗಾವಣೆಗೂ ಬೇಕು.

ಆಟವಾಡುವಾಗ ಮಗುವಿನ ಶಾಶ್ವತ ಹಲ್ಲು ಬುಡಸಮೇತ ಬಿದ್ದರೆ ಬೇರು ಮುಟ್ಟಬೇಡಿ, ಉಜ್ಜಬೇಡಿ. ಹತ್ತಿರದ ಅಂಗಡಿಯಿಂದ ತಣ್ಣನೆ ಹಾಲು ತಂದು ಹಲ್ಲನ್ನು ಅದರಲ್ಲಿ ಮುಳುಗಿಸಿ ಕೂಡಲೇ ಹೊರಡಿ. ಅರ್ಧ ಗಂಟೆಯೊಳಗೆ ತಲುಪಿದರೆ ಅದೇ ಹಲ್ಲನ್ನು ಕೂರಿಸುವ ಸಾಧ್ಯತೆ ಚೆನ್ನಾಗಿರುತ್ತದೆ. ಮಲ್ಲಾಪುರದ ಕೈಗಾ ಟೌನ್‌ಶಿಪ್ಪಿನವರು ಆಗ ಕಾರವಾರದ ತನಕ ಬರಬೇಡಿ, ಹತ್ತಿರದಲ್ಲಿ ಯಾರಿದ್ದಾರೆಂದು ಈಗಲೇ ಕೇಳಿಟ್ಟುಕೊಳ್ಳಿ.