ಹೊಸ ರೈಟರಿಗೆ: ಬೆಳಗ್ಗೆ ಸಾಲು ಹಂಚುವುದು ಹೇಗೆ

ಕೊಡಗಿನ ಅಮ್ಮತ್ತಿ ಕಡೆಯ ಕಾಫಿ ತೋಟಗಳಲ್ಲಿ ನಾನು 19 ವರ್ಷದಿಂದ ರೈಟರು. ಹಾಜರಿ ಬರೆಯುವುದು, ಕೆಲಸ ಹಂಚುವುದು, ಸಂಜೆ ತೂಕ ಹಾಕಿಸುವುದು ನನ್ನ ಕೆಲಸ. ಈ ಸಲ ರೊಬಸ್ಟಾ ಕಾಫಿಯ ಕೊಯ್ಲಿಗೆ ಇಬ್ಬರು ಹುಡುಗರು ಹೊಸದಾಗಿ ರೈಟರಾಗಿ ಸೇರಿದ್ದಾರೆ. ಅವರಿಗೆ ಹೇಳಿಕೊಟ್ಟದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ವಾರ ಜಾಸ್ತಿ ಮಾತಾಡಬೇಡಿ, ಸುಮ್ನೆ ನೋಡಿ. ಯಾರು ಯಾರ ಪಕ್ಕದ ಸಾಲು ಹಿಡಿಯುತ್ತಾರೆ? ಬುತ್ತಿ ಬಿಚ್ಚುವಾಗ ಯಾರು ಒಬ್ಬರೇ ಕೂರುತ್ತಾರೆ? ಜಗಳ ಹತ್ತಿದಾಗ ಎಲ್ಲರೂ ಯಾರ ಮುಖ ನೋಡುತ್ತಾರೆ? ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಆಮೇಲೆ ಸ್ವಭಾವ ನೋಡಿ ಕೆಲಸ ಕೊಡಿ. ಕಮ್ಮಿ ಮಾತಿನ, ತಾಳ್ಮೆಯ ಜನ ಉದುರು, ಅಂದರೆ ನೆಲಕ್ಕೆ ಬಿದ್ದ ಹಣ್ಣು, ಹೆಕ್ಕಲು ಬೇಕು. ನೆಲದಲ್ಲಿ ಉಳಿದ ಹಣ್ಣಿನೊಳಗೆ ಕಾಯಿಕೊರಕ ಹುಳು ಬದುಕಿಕೊಂಡು ಮುಂದಿನ ಫಸಲಿಗೆ ಹತ್ತುತ್ತದೆ. ಹಾಗಾಗಿ ಅದು ಕೈಲಾಗದವರಿಗೆ ಕೊಡುವ ಕೆಲಸವಲ್ಲ. ಮಾತುಗಾರರನ್ನು ಹೊಸಬರ ಪಕ್ಕ ನಿಲ್ಲಿಸಿ. ಅಸ್ಸಾಮಿನಿಂದ ಬಂದ ಹುಡುಗರಿಗೆ ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಅವರೇ ಎಲ್ಲಾ ಕಲಿಸಿಬಿಡುತ್ತಾರೆ.

ಇನ್ನು ಸಾಲು ಹಂಚುವ ವಿಷಯ. ಮೊದಲ ವರ್ಷ ನಾನೇ ಬೆರಳು ತೋರಿಸಿ ಹಂಚುತ್ತಿದ್ದೆ. ಕೂಲಿ ಕಿಲೋ ಲೆಕ್ಕ. ಒಂದು ಸಾಲಿನಲ್ಲಿ ಗಿಡ ಬಾಗುವಷ್ಟು ಹಣ್ಣು, ತೋಡಿನ ಪಕ್ಕದ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು. ಬಡ ಸಾಲು ಸಿಕ್ಕವರು ತೂಕ ತುಂಬಿಸಲು ಹಸಿಕಾಯಿಯನ್ನೂ ಕಿತ್ತು ಚೀಲಕ್ಕೆ ಹಾಕುತ್ತಿದ್ದರು. ನಾನು ಪಕ್ಕದಲ್ಲಿದ್ದರೆ ಕೆಂಪು ಹಣ್ಣು, ಆಚೆ ಹೋದರೆ ಹಸಿರು. ರೊಬಸ್ಟಾ ಗಿಡದ ನಡುವೆ ನಿಂತರೆ ನಾಲ್ಕು ಗಿಡದಾಚೆ ಕಾಣುವುದಿಲ್ಲ. ಎಷ್ಟು ಜನರ ಹಿಂದೆ ಓಡಾಡಲು ಆಗುತ್ತದೆ?

ಕೊನೆಗೆ ಹಿರಿಯ ಅಕ್ಕ ಒಬ್ಬರು, "ರೈಟ್ರೇ, ಚೀಟಿ ಎತ್ತಿಸಿ. ಯಾರಿಗೆ ಯಾವ ಸಾಲು ಬಂದ್ರೂ ಮಾತಿಲ್ಲ" ಎಂದರು. ಇವತ್ತು ಬಡ ಸಾಲು ಬಂದವರಿಗೆ ನಾಳೆ ಮೊದಲ ಚೀಟಿ ಅಂತ ಅವರವರೇ ಸೇರಿಸಿಕೊಂಡರು. ಹಸಿಕಾಯಿ ಹಾಕಿದವರನ್ನು ಅವರೇ ತಡೆಯತೊಡಗಿದರು. ನೀವೂ ಹೀಗೇ ಮಾಡಿ. ಎಷ್ಟು ಸಾಲು, ಎಷ್ಟು ಜನ ಅಂತ ನೀವು ಹೇಳಿ. ಹೇಗೆ ಹಂಚಬೇಕು ಅನ್ನುವುದನ್ನು ಅವರ ಜೊತೆ ನಿಂತು ತೀರ್ಮಾನಿಸಿ.

ಮಗಳು ಬಿಬಿಎ ಓದುವಾಗ ಅವಳ ಪುಸ್ತಕದಲ್ಲಿ ಇದೇ ಮಾತು ಕಂಡು ನನಗೆ ತುಂಬಾ ಖುಷಿಯಾಯಿತು. ಅಮೆರಿಕದ ಅಯೋವಾದಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಜೊತೆಗಾರರು ಹತ್ತು ವರ್ಷದ ಹುಡುಗರ ಗುಂಪುಗಳನ್ನು ಗಮನಿಸಿ 1939ರಲ್ಲಿ ಬರೆದದ್ದು. ಒಂದು ಬಗೆಯ ಮುಖಂಡ ಬರೀ ಅಪ್ಪಣೆ ಕೊಡುತ್ತಿದ್ದ. ಇನ್ನೊಂದು ಬಗೆಯವನು ಹುಡುಗರ ಜೊತೆ ಕೂತು ತೀರ್ಮಾನ ಮಾಡುತ್ತಿದ್ದ. ಮತ್ತೊಬ್ಬ ಎಲ್ಲಾ ಅವರಿಗೇ ಬಿಟ್ಟುಬಿಡುತ್ತಿದ್ದ. ಅಪ್ಪಣೆ ಕೊಡುವವನು ಹೊರಗೆ ಹೋದ ಕೂಡಲೇ ಅವನ ಗುಂಪಿನ ಕೆಲಸ ಬಿದ್ದುಹೋಗುತ್ತಿತ್ತು. ಕೂತು ತೀರ್ಮಾನಿಸಿದ ಗುಂಪು ಕೆಲಸ ಮುಂದುವರಿಸುತ್ತಿತ್ತು. ಎಲ್ಲಾ ಬಿಟ್ಟುಕೊಟ್ಟಲ್ಲಿ ಕೆಲಸವೇ ಕಮ್ಮಿ. ನಮ್ಮ ತೋಟದ ಕಥೆಯೇ ಅಲ್ವಾ?

ಆದರೆ ಆನೆ ಬಂದ ದಿನ ಯಾರನ್ನೂ ಕೇಳುತ್ತಾ ನಿಲ್ಲಬೇಡಿ. ತೋಟದೊಳಗೆ ಆನೆ ಇದೆ ಎಂದು ಸುದ್ದಿ ಬಂದರೆ ಆ ಬ್ಲಾಕಿಗೆ ಒಬ್ಬರೂ ಇಳಿಯಕೂಡದು. ಒಂದೇ ಮಾತು, ಗಟ್ಟಿ ದನಿ. ಎಲ್ಲರನ್ನೂ ಕಣಕ್ಕೆ ಕರೆಸಿ, ತಲೆ ಎಣಿಸಿ. ದಿನವೂ ಅವರ ಮಾತು ಕೇಳುವ ರೈಟರು ಆ ದಿನ ಗದರಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತೂಕದ ಸಾಲಿನಲ್ಲಿ ಮಾತ್ರ ಯಾರನ್ನೂ ಬೈಯಬೇಡಿ. ನಾನು ಒಮ್ಮೆ ಒಬ್ಬಾಕೆಯ ಚೀಲ ಎಲ್ಲರೆದುರು ಸುರಿಸಿ ಹಸಿಕಾಯಿ ತೋರಿಸಿದೆ. ಮರುದಿನ ಆಕೆಯ ಜೊತೆ ಇನ್ನೂ ಎಂಟು ಜನ ಬೇರೆ ತೋಟಕ್ಕೆ ಹೋದರು. ಕೊಯ್ಲು ತಡವಾಯಿತು. ಹೂಮಳೆ ಬಿದ್ದು ಹೂ ಅರಳಿದಾಗಲೂ ಗಿಡದಲ್ಲಿ ಹಣ್ಣಿತ್ತು. ಹಣ್ಣು ಕುಯ್ಯುವ ಕೈಗೆ ಮುಂದಿನ ಫಸಲಿನ ಹೂ ಉದುರುವುದನ್ನು ನೋಡುತ್ತಾ ನಿಂತಿದ್ದೆ. ಈಗ ತಪ್ಪು ಕಂಡರೆ ಮರುದಿನ ಬೆಳಗ್ಗೆ ಆ ಸಾಲಿಗೇ ಹೋಗಿ, "ಅಕ್ಕಾ, ನಿನ್ನೆ ಹಸಿಕಾಯಿ ಜಾಸ್ತಿ ಇತ್ತು, ಏನಾಯ್ತು?" ಎಂದು ಮೆಲ್ಲಗೆ ಕೇಳುತ್ತೇನೆ. ಎಷ್ಟೋ ಸಲ ಮಗುವಿಗೆ ಜ್ವರ, ಸಾಲದವರ ಕಾಟ, ಹೀಗೆ ಏನಾದರೂ ಇರುತ್ತದೆ.

ಸಂತೆಯ ಮಾರನೇ ದಿನ ಜನ ಕಮ್ಮಿ ಬರುತ್ತಾರೆ. ಹಿಂದಿನ ಸಂಜೆಯೇ ಯಾರು ಬರುತ್ತೀರಿ ಎಂದು ಕೇಳಿ, ಅಷ್ಟೇ ಚೀಟಿ ಬರೆದಿಟ್ಟುಕೊಳ್ಳಿ.