ಸಣ್ಣ ಟ್ರಾವೆಲ್ ಟ್ರೇಲರ್‌ಗೆ ತಕ್ಕ ಹಿಚ್ ಆರಿಸುವುದು ಹೇಗೆ?

ಎತ್ತಿನ ಗಾಡಿಗೆ ಮೂಟೆ ಹೇರಿದವರಿಗೆ ಗೊತ್ತು: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಅಮೆರಿಕದಲ್ಲಿ ಎಸ್‌ಯುವಿ ಹಿಂದೆ ಟ್ರಾವೆಲ್ ಟ್ರೇಲರ್ (ಚಕ್ರದ ಮೇಲಿನ ಪುಟ್ಟ ಮನೆ) ಕಟ್ಟಿಕೊಂಡು ನ್ಯಾಷನಲ್ ಪಾರ್ಕ್‌ಗಳಿಗೆ ಹೊರಡುವ ಕನ್ನಡ ಕುಟುಂಬಗಳಿಗೂ ಲೆಕ್ಕ ಇದೇ. ಕಾರಿಗೂ ಟ್ರೇಲರ್‌ಗೂ ಕೊಂಡಿಯಾಗುವ ಸಾಧನವೇ ಹಿಚ್, ಅದರ ಮೇಲಿನ ಉಕ್ಕಿನ ಗುಂಡೇ ಹಿಚ್ ಬಾಲ್. ಟ್ರೇಲರ್‌ನ ಮೂಕಿ ಈ ಬಾಲ್ ಮೇಲೆ ಒತ್ತುವ ಭಾರಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಸಾಮಾನು ತುಂಬಿದ ಟ್ರೇಲರ್ ತೂಕದಲ್ಲಿ ಶೇ 10ರಿಂದ 15ರಷ್ಟು ಇದಕ್ಕೆ ಬರಬೇಕು. ಕಡಿಮೆಯಾದರೆ ಹೆದ್ದಾರಿ ವೇಗದಲ್ಲಿ ಟ್ರೇಲರ್ ಎಡಬಲಕ್ಕೆ ಓಲಾಡತೊಡಗುತ್ತದೆ. ಆ ತಪ್ಪನ್ನು ಯಾವ ಹಿಚ್ಚೂ ಸರಿಪಡಿಸದು. ಸಾಮಾನನ್ನೇ ಮುಂದಕ್ಕೆ ಸರಿಸಬೇಕು.

ಟಂಗ್ ವೇಟ್ ಸರಿಯಿದ್ದಾಗಲೂ ಇನ್ನೊಂದು ತೊಂದರೆ ಉಳಿಯುತ್ತದೆ. ಕಾರಿನ ಎರಡು ಆಕ್ಸಲ್‌ಗಳ ನಡುವೆ 9.5 ಅಡಿ, ಹಿಂದಿನ ಆಕ್ಸಲ್‌ನಿಂದ ಬಾಲ್‌ವರೆಗೆ 4 ಅಡಿ ಎಂದುಕೊಳ್ಳಿ. ಬಾಲ್ ಮೇಲೆ 480 ಪೌಂಡ್ ಕೂತರೆ ಹಿಂದಿನ ಚಕ್ರಗಳಿಗೆ ಸುಮಾರು 680 ಪೌಂಡ್ ಹೆಚ್ಚುತ್ತದೆ, ಮುಂದಿನ ಚಕ್ರಗಳಿಂದ ಸುಮಾರು 200 ಪೌಂಡ್ ಎದ್ದುಹೋಗುತ್ತದೆ. ಸ್ಟೀರಿಂಗ್ ಹಗುರಾಗುತ್ತದೆ, ಮುಂದಿನ ಬ್ರೇಕಿನ ಹಿಡಿತ ತಗ್ಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನ ಎರಡು ಉಕ್ಕಿನ ಸ್ಪ್ರಿಂಗ್ ಬಾರ್‌ಗಳು ಸನ್ನೆಗೋಲಿನಂತೆ ಕೆಲಸ ಮಾಡಿ, ಆ ಭಾರದಲ್ಲಿ ಒಂದು ಪಾಲನ್ನು ಮುಂದಿನ ಚಕ್ರಗಳಿಗೆ ಮರಳಿಸುತ್ತವೆ, ಇನ್ನೊಂದು ಪಾಲನ್ನು ಟ್ರೇಲರ್‌ನ ಆಕ್ಸಲ್‌ಗೆ ದಾಟಿಸುತ್ತವೆ.

<b>ಮೊದಲು ಕಾರನ್ನು ಕೇಳಿ</b>

ಕೆಲವು ಕಾರುಗಳಿಗೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಬಳಸಲೇಬಾರದೆಂದು ತಯಾರಕರು ಮ್ಯಾನುಯಲ್‌ನಲ್ಲಿ ಬರೆದಿರುತ್ತಾರೆ. ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಬಳಸಬಹುದಾದರೆ ರಿಸೀವರ್ (ಹಿಚ್ ತೂರಿಸಲು ಕಾರಿನ ಹಿಂದೆ ಇರುವ ಚೌಕ ಕೊಳವೆ) ಮೇಲಿನ ಚೀಟಿ ನೋಡಿ. ಹಲವು ರಿಸೀವರ್‌ಗಳಿಗೆ ಈ ಹಿಚ್ ಇದ್ದಾಗ ಒಂದು ಮಿತಿ, ಇಲ್ಲದಾಗ ಇನ್ನೊಂದು ಮಿತಿ ಇರುತ್ತದೆ. ಕಾರು, ರಿಸೀವರ್, ಬಾಲ್, ಹಿಚ್ ಈ ನಾಲ್ಕರಲ್ಲಿ ಯಾವುದರ ಮಿತಿ ಚಿಕ್ಕದೋ ಅದೇ ನಿಮ್ಮ ಮಿತಿ. ಹಿಚ್ ಹಾಕಿದ ಮಾತ್ರಕ್ಕೆ ಕಾರಿನ ಎಳೆಯುವ ಶಕ್ತಿ ಹೆಚ್ಚುವುದಿಲ್ಲ.

ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಪೇಲೋಡ್, ಅಂದರೆ ಕಾರು ಒಟ್ಟು ಹೊರಬಹುದಾದ ಭಾರದ ಚೀಟಿ ಇರುತ್ತದೆ. ಅಲ್ಲಿ 1,150 ಪೌಂಡ್ ಎಂದಿದ್ದರೆ ಕಳೆಯುತ್ತ ಬನ್ನಿ: ಟಂಗ್ ವೇಟ್ 480, ಹಿಚ್‌ನದೇ ತೂಕ 80, ನಾಲ್ಕು ಜನ 490. ಉಳಿದದ್ದು 100 ಪೌಂಡ್, ಅಷ್ಟರಲ್ಲೇ ಡಿಕ್ಕಿಯ ಸಾಮಾನೆಲ್ಲ ಮುಗಿಯಬೇಕು. ಸಣ್ಣ ಎಸ್‌ಯುವಿಗಳು ಸೋಲುವುದು ಎಳೆಯುವುದರಲ್ಲಿ ಅಲ್ಲ, ಇಲ್ಲಿ.

<b>ತೂಗಿ, ಊಹಿಸಬೇಡಿ</b>

ಕರಪತ್ರದಲ್ಲಿರುವುದು ಖಾಲಿ ಟ್ರೇಲರ್‌ನ ತೂಕ. ಮೂಕಿಯ ಮೇಲೆ ಕೂರುವ ಎರಡು ತುಂಬಿದ ಗ್ಯಾಸ್ ಸಿಲಿಂಡರ್‌ಗಳೇ ಸುಮಾರು 75 ಪೌಂಡ್. 20 ಗ್ಯಾಲನ್ ನೀರು ಸುಮಾರು 167 ಪೌಂಡ್. ಟ್ಯಾಂಕ್ ಆಕ್ಸಲ್‌ಗಿಂತ ಮುಂದಿದ್ದರೆ ಟಂಗ್ ವೇಟ್ ಏರುತ್ತದೆ, ಹಿಂದಿದ್ದರೆ ಇಳಿಯುತ್ತದೆ. ಆದ್ದರಿಂದ ಪ್ರವಾಸಕ್ಕೆ ಹೊರಡುವಂತೆಯೇ ತುಂಬಿ, ಆಮೇಲೆ ತೂಗಿ.

ಮನೆಯ ಬಾತ್‌ರೂಮ್ ತಕ್ಕಡಿ ಸಾಕು. ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಗಟ್ಟಿ ಮರದ ತೊಲೆಯ ಒಂದು ತುದಿಗೆ ಪೈಪ್, ಅಲ್ಲಿಂದ 3 ಅಡಿ ದೂರಕ್ಕೆ ತಕ್ಕಡಿ ಇಟ್ಟು ತೊಲೆಯನ್ನು ಮಟ್ಟ ಮಾಡಿ. ಪೈಪ್‌ನಿಂದ ಸರಿಯಾಗಿ 1 ಅಡಿಗೆ ಮೂಕಿಯ ಜ್ಯಾಕ್ ಇಳಿಸಿ. ತೊಲೆಯ ಭಾರ ಕಳೆದು ತಕ್ಕಡಿ 160 ತೋರಿಸಿದರೆ ಮೂರರಿಂದ ಗುಣಿಸಿ: 480 ಪೌಂಡ್. ಟ್ರೇಲರ್ ನೆಲಕ್ಕೆ ಸಮನಾಗಿ ನಿಂತಿರಬೇಕು, ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ.

<b>ಬಾರ್ ಎಷ್ಟು ಗಟ್ಟಿ?</b>

ಬಾರ್‌ಗಳು ಸಾಮಾನ್ಯವಾಗಿ 400, 600, 800, 1,000 ಪೌಂಡ್ ಟಂಗ್ ವೇಟ್‌ಗೆಂದು ಸಿಗುತ್ತವೆ. ಕಾರಿನ ಹಿಂದಿನ ಆಕ್ಸಲ್‌ಗಿಂತ ಹಿಂದೆ ಇಡುವ ಸಾಮಾನನ್ನೂ ಸೇರಿಸಬೇಕೆಂದು ಹಲವು ಹಿಚ್ ತಯಾರಕರು ಹೇಳುತ್ತಾರೆ. 480ಕ್ಕೆ 100 ಸೇರಿ 580, ಅಂದರೆ 600ರ ಬಾರ್. ‘ದೊಡ್ಡದಿರಲಿ, ಮುಂದಕ್ಕೂ ಆಗುತ್ತೆ’ ಎಂದು ಯಾರಾದರೂ 1,000ದ್ದನ್ನು ಕೊಡಲು ಬಂದರೆ ಖಂಡಿತ ಬೇಡ ಎನ್ನಿ. ಬಾರ್‌ನ ಗುಣವೇ ಬಾಗುವುದು. ಹಗುರ ಟ್ರೇಲರ್‌ಗೆ ಬಾಗದ ಬಾರ್ ಹಾಕಿದರೆ ಉಬ್ಬುತಗ್ಗು ದಾಟುವಾಗಿನ ಪೆಟ್ಟೆಲ್ಲ ಟ್ರೇಲರ್‌ನ ತೆಳ್ಳಗಿನ ಚೌಕಟ್ಟಿಗೇ ಬೀಳುತ್ತದೆ. ಬೆಸುಗೆ ಬಿರುಕು ಬಿಡಬಹುದು. ತೀರ ಮೆತ್ತಗಿದ್ದರೆ ಎಷ್ಟು ಎಳೆದು ಕಟ್ಟಿದರೂ ಕಾರಿನ ಮೂತಿ ಕೆಳಗಿಳಿಯುವುದಿಲ್ಲ.

ಹಣ ಕೊಡುವ ಮೊದಲು ಟೇಪ್ ಹಿಡಿದು ಮೂಕಿಯ ಬಳಿ ಕೂತು ನೋಡಿ. ಬಾರ್‌ನ ಬ್ರ್ಯಾಕೆಟ್ ಕೂರಬೇಕಾದ ಜಾಗದಲ್ಲೇ ಸಿಲಿಂಡರ್ ತಟ್ಟೆಯೋ ಬ್ಯಾಟರಿ ಪೆಟ್ಟಿಗೆಯೋ ಇರುವುದು ಸಣ್ಣ ಟ್ರೇಲರ್‌ಗಳಲ್ಲಿ ಮಾಮೂಲು. ಒಂಟಿ ಕೊಳವೆಯ ಮೂಕಿಗೆ ಮಾಮೂಲಿ ಬ್ರ್ಯಾಕೆಟ್ ಕೂರುವುದೇ ಇಲ್ಲ. ಟ್ರೇಲರ್‌ಗೆ ಸರ್ಜ್ ಬ್ರೇಕ್ (ಕಾರು ನಿಧಾನಿಸಿದಾಗ ಟ್ರೇಲರ್ ಮುಂದೊತ್ತುವ ಬಲದಿಂದಲೇ ಹಿಡಿಯುವ ಬ್ರೇಕ್) ಇದ್ದರೆ ಅದಕ್ಕೆ ಹೊಂದುವ ಹಿಚ್ಚೇ ಎಂದು ಖಚಿತಪಡಿಸಿಕೊಳ್ಳಿ. ಬಾಲ್ 2 ಇಂಚಿನದೋ 2 5/16 ಇಂಚಿನದೋ ಎಂಬುದು ಬಾಲ್ ಮೇಲೆ ಕೂತು ಬೀಗಿಕೊಳ್ಳುವ ಮೂಕಿಯ ತುದಿ, ಅಂದರೆ ಕಪ್ಲರ್ ಮೇಲೆಯೇ ಅಚ್ಚೊತ್ತಿರುತ್ತದೆ.

ಓಲಾಟ ತಡೆಯುವ ವ್ಯವಸ್ಥೆ ಹಿಚ್‌ನಲ್ಲೇ ಕೂಡಿಬಂದಿದ್ದರೆ ಒಳ್ಳೆಯದು. ಬೇರೆಯಾಗಿ ಸಿಗುವ, ಘರ್ಷಣೆಯಿಂದ ಓಲಾಟ ತಡೆಯುವ ಫ್ರಿಕ್ಷನ್ ಬಾರ್ ಅಗ್ಗ. ಆದರೆ ರಿವರ್ಸ್ ತೆಗೆಯುವ ಮೊದಲು ಅದನ್ನು ಕಳಚಬೇಕು, ಮರೆತರೆ ಬಾರ್ ಬಾಗುತ್ತದೆ.

<b>ಕಟ್ಟಿದ ಮೇಲೆ ಅಳತೆ</b>

ಮುಂದಿನ ಚಕ್ರದ ಮೇಲೆ ಫೆಂಡರ್‌ನ ಎತ್ತರವನ್ನು ಮೂರು ಸಲ ಅಳೆಯಿರಿ. ಕಾರು ಒಂಟಿಯಾಗಿ 34 ಇಂಚು, ಬಾರ್ ಬಿಗಿಯದೆ ಟ್ರೇಲರ್ ಕಟ್ಟಿದಾಗ 35 ಎನ್ನೋಣ. ಎದ್ದದ್ದು ಒಂದು ಇಂಚು. ಅದರಲ್ಲಿ ಎಷ್ಟು ಇಳಿಯಬೇಕೆಂದು ಕಾರಿನ ಮ್ಯಾನುಯಲ್ ಹೇಳುತ್ತದೆ. ಅರ್ಧ ಎಂದಿದ್ದರೆ ಬಾರ್ ಬಿಗಿದ ಮೇಲೆ 34.5 ಬರಬೇಕು. ಸಾಲದಿದ್ದರೆ ಹಿಚ್ ತಲೆಯನ್ನು (ಬಾಲ್ ಕೂರುವ ಭಾಗ) ಟ್ರೇಲರ್ ಕಡೆಗೆ ಇನ್ನೊಂದು ವಾಷರ್‌ನಷ್ಟು ಬಾಗಿಸಿ. 34ಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ. ಹಿಂದಿನ ಟೈರುಗಳ ಭಾರ ತಗ್ಗಿ, ಒದ್ದೆ ರಸ್ತೆಯ ತಿರುವಿನಲ್ಲಿ ಕಾರಿನ ಹಿಂಭಾಗ ಜಾರುತ್ತದೆ. ಅನುಮಾನವಿದ್ದರೆ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ ಎಂಬ ವಾಹನ ತೂಗುವ ತಕ್ಕಡಿಯಲ್ಲಿ ತೂಗಿಸಿ, ಪ್ರತಿ ಆಕ್ಸಲ್‌ನ ತೂಕ ಬೇರೆಬೇರೆಯಾಗಿ ಸಿಗುತ್ತದೆ.

ಬಿಗಿದ ಬಾರ್‌ನಲ್ಲಿ ನೂರಾರು ಪೌಂಡ್ ಬಲ ಅಡಗಿರುತ್ತದೆ. ಹಾಕುವಾಗಲೂ ಬಿಚ್ಚುವಾಗಲೂ ಕಪ್ಲರ್ ಬಾಲ್‌ಗೆ ಬೀಗಿಕೊಂಡಿರುವಂತೆಯೇ ಜ್ಯಾಕ್‌ನಿಂದ ಮೂಕಿಯನ್ನೂ ಕಾರಿನ ಹಿಂಭಾಗವನ್ನೂ ಒಟ್ಟಿಗೆ ಎತ್ತಿ. ಬಾರ್ ಸಡಿಲವಾಗಿ ಕೈಯಲ್ಲೇ ಅಲುಗಾಡುವಷ್ಟಾದ ಮೇಲೆ ಕಳಚಿ. ಬಾರ್ ಎತ್ತಲು ಸನ್ನೆಪೈಪ್ ಬಳಸಿದರೂ ಅದರ ಮೇಲೆ ಬಗ್ಗಬೇಡಿ, ಪಕ್ಕಕ್ಕೆ ನಿಂತು ಎಳೆಯಿರಿ. ಕೈ ಜಾರಿದರೆ ಅದು ತಿರುಗಿ ಬಡಿಯುವುದು ದವಡೆಗೆ.